ಕಂಕುಳಲ್ಲಿ ಕೂಸು

ಹೊಂಬಳದ ಟೇಲರ್ ಹೇಮಪ್ಪನನ್ನು ಆ ದಿನ ಪೇಚಿಗೆ ಸಿಕ್ಕಿಸಿದ್ದು ಹೆಬ್ಬೆರಳು ಗಾತ್ರದ ಒಂದು ಗಾಜಿನ ಬಾಟಲಿ. ಅದು ಅವನ ಎಡಗಂಕುಳಲ್ಲಿತ್ತು.

ಮದುವೆಯಾಗಿ ಒಂಬತ್ತು ವರ್ಷವಾದರೂ ಹೇಮಪ್ಪ, ಮಾಳವ್ವ ದಂಪತಿಗೆ ಮಕ್ಕಳಾಗಿರಲಿಲ್ಲ. ಹೇಮಪ್ಪನ ತಾಯಿ ಉಡಚವ್ವ ಕೆಟ್ಟವಳಲ್ಲ, ಆದರೆ ಯಾರ ಮನೆಯ ತೊಟ್ಟಿಲು ಕಂಡರೂ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಕೊನೆಗೆ ಒಂದು ಮಾತು ಹೇಳಿಬಿಟ್ಟಿದ್ದಳು: "ಇದೊಂದ ತಿಂಗಳ ನೋಡತೀನಿ. ಆಮ್ಯಾಲೆ ಶಿರಹಟ್ಟಿ ಹುಡುಗಿನ್ನ ತಂದು ನಿನಗ ಇನ್ನೊಂದ ಲಗ್ನ ಮಾಡಾಕಿನ."

ಅದು ೧೯೮೬. ಹುಬ್ಬಳ್ಳಿಯ ಡಾಕ್ಟರೊಬ್ಬರು ತಿಂಗಳಿಗೊಮ್ಮೆ ಗದಗಿನ ಸಣ್ಣ ನರ್ಸಿಂಗ್ ಹೋಮಿಗೆ ಬಂದು, ಮಧ್ಯಾಹ್ನ ಹನ್ನೆರಡರ ರೈಲಿಗೆ ಮರಳುತ್ತಿದ್ದರು. ಅವರು ಹೇಮಪ್ಪನಿಗೆ ಬಿಡಿಸಿ ಹೇಳಿದ್ದರು: "ನಿಮ್ಮ ವೀರ್ಯಾಣು ಬೇಕಾದಷ್ಟ ಅದಾವು, ಆದ್ರ ಅರ್ಧಕ್ಕರ್ಧ ಮೈಗಳ್ಳವು. ತೊಳದು, ಚಲೋ ಈಸು ಬೀಳೋವನ್ನ ಅಷ್ಟ ಆರಿಸಿ ನಿಮ್ಮ ಮನಿಯವರಿಗೆ ಹಾಕತೀನಿ."

ಅವ್ವ ಬಿತ್ತನೆಯ ಜೋಳ ಆರಿಸಿದಂತೆ ಎಂದುಕೊಂಡು ಹೇಮಪ್ಪ ತಲೆಯಾಡಿಸಿದ್ದ. ಆದರೆ ಹೋದ ತಿಂಗಳು ಅಲ್ಲಿನ ಒಂದೇ ಒಂದು ಬಚ್ಚಲಲ್ಲಿ ಬಾಟಲಿ ಹಿಡಿದು ನಿಂತಾಗ ಹೊರಗಿನವರು ನಿಮಿಷಕ್ಕೊಮ್ಮೆ ಕದ ಬಡಿದು, ಬಂದ ಕೆಲಸವೇ ಆಗಿರಲಿಲ್ಲ. ಹಾಗಾಗಿ ಈ ಸಲ ಮನೆಯಿಂದಲೇ ತರಲು ಡಾಕ್ಟರು ಒಪ್ಪಿದ್ದರು. ಷರತ್ತು ಎರಡು: ಒಂದು ತಾಸಿನೊಳಗೆ ತಲುಪಬೇಕು, ದಾರಿಯುದ್ದಕ್ಕೂ ಮೈಯ ಬಿಸಿಯಲ್ಲೇ ಇರಬೇಕು.

ಮಾಳವ್ವ ಮೊದಲ ಬಸ್ಸಿಗೇ ಹೋಗಿ ನರ್ಸಿಂಗ್ ಹೋಮಿನಲ್ಲಿ ಕೂತಿದ್ದಳು. ಹೇಮಪ್ಪ ಎಂಟಕ್ಕೆ ಕೆಲಸ ಮುಗಿಸಿ, ಬಾಟಲಿಯನ್ನು ಕಂಕುಳಲ್ಲಿ ಅವುಚಿಕೊಂಡು ಎರಡನೇ ಬಸ್ಸು ಹತ್ತಿದ. ಬಸ್ಸಿನಲ್ಲಿ ಫಕ್ಕೀರಪ್ಪ ಇದ್ದ. ಊರಲ್ಲಿ ಯಾರಿಗೆ ಸೀನು ಬಂದರೂ ಮೂಗೊರೆಸಲು ಹೋಗುವ ಮನುಷ್ಯ.

"ಲೇ ಹೇಮ್ಯಾ, ಕಂಬಿ ಹಿಡಕೋ, ಬೀಳ್ತಿ!"

ಹೇಮಪ್ಪನ ಬಲಗೈಯಲ್ಲಿ ಟಿಕೀಟು, ಚಿಲ್ಲರೆ. ಎಡಗೈ ಅಲುಗಲಿಲ್ಲ. ಬಸ್ಸು ಕುಕ್ಕಿದಾಗ ಅವನು ಹೋಗಿ ಬಿದ್ದದ್ದು ಪಕ್ಕದ ಮನೆಯ ಗದಿಗೆವ್ವನ ಬುಟ್ಟಿಯ ಮೇಲೆ.

"ಅಯ್ಯ ಶಿವನ! ಎಡಗೈ ಎತ್ತವಲ್ಲ ನೋಡ್ರಿ!" ಎಂದು ಗದಿಗೆವ್ವ ಕೂಗಿದಳು.

ಹೇಮಪ್ಪ ನಾಚಿಕೆಯಿಂದ ನಗಲು ಹೋದ.

"ಬಾಯೂ ಸೊಟ್ಟ ಆಗೇತಿ!" ಎಂದ ಫಕ್ಕೀರಪ್ಪ.

"ಏ... ಏನಾಗಿಲ್ರಿ ಕಾಕಾ..."

"ಮಾತೂ ತೊದಲಾಕತ್ತಾನ! ಲಕ್ವಾ ಹೊಡದೈತ್ರಿ ಇವಂಗ! ಕಂಡಕ್ಟರ, ಯಮನೂರಸಾಬನ ಮನಿ ಮುಂದ ನಿಂದರಸು!"

ಯಮನೂರಸಾಬ ಗದಗಿನ ಅಂಚಿನಲ್ಲಿದ್ದ ಮುದುಕ. ಮುರಿದ ಎಲುಬು ಕೂಡಿಸುವುದು, ಲಕ್ವಾಕ್ಕೆ ಎಣ್ಣೆ ತಿಕ್ಕುವುದು ಅವನ ಕಸುಬು. ನಾಲ್ಕು ಜನ ಹೇಮಪ್ಪನನ್ನು ಎತ್ತಿ ಅವನ ಕಟ್ಟೆಯ ಮೇಲೆ ಕೂರಿಸಿದರು.

"ಮಾಳವ್ವ ದವಾಖಾನ್ಯಾಗ ಕುಂತಾಳ, ಖಬರ ಮುಟ್ಟಸ್ತೀನಿ" ಎಂದು ಗದಿಗೆವ್ವ ಅದೇ ಬಸ್ಸಿನಲ್ಲಿ ಮುಂದೆ ಹೋದಳು. ಆ ಗಡಿಬಿಡಿಯಲ್ಲಿ ಅದು ಹೇಮಪ್ಪನ ಕಿವಿಗೆ ಬೀಳಲಿಲ್ಲ. ಅವನ ಕಣ್ಣು ಫಕ್ಕೀರಪ್ಪನ ಗಡಿಯಾರದ ಮೇಲಿತ್ತು. ಎಂಟೂ ನಲವತ್ತು.

ಯಮನೂರಸಾಬ ಎಣ್ಣೆಗೈಯನ್ನು ಕಂಕುಳಿಗೆ ತೂರಿಸಿದವನು ಹುಬ್ಬು ಗಂಟಿಕ್ಕಿದ. "ಏನೋ ಇದು, ಗಟ್ಟಿ ಹತ್ತಾಕತ್ತೈತಿ?"

ಬೇರೆ ದಾರಿಯಿಲ್ಲದೆ ಹೇಮಪ್ಪ ಅವನ ಕಿವಿಯಲ್ಲಿ ಎಲ್ಲವನ್ನೂ ಉಸುರಿಬಿಟ್ಟ. ಮುದುಕನ ಗಡ್ಡ ಎರಡು ಸಲ ಅಲುಗಿತು. ಆದರೆ ದೊಡ್ಡ ಮನುಷ್ಯ, ನಗಲಿಲ್ಲ. ಬಾಟಲಿ ಸಮೇತ ತೋಳನ್ನು ಮೈಗೆ ಬಿಗಿದು ಪಟ್ಟಿ ಕಟ್ಟಿ, ಮುಖ ಗಂಭೀರ ಮಾಡಿ ಹೇಳಿದ: "ಖರೇನ ಲಕ್ವಾ ಐತಿ. ನನ್ನ ಕೈಲೆ ಆಗೂದಲ್ಲ. ಯಾರೂ ಮುಟ್ಟಬ್ಯಾಡ್ರಿ, ಟಾಂಗಾ ಹತ್ತಿಸಿ ಇವನೊಬ್ಬನ್ನ ದವಾಖಾನಿಗೆ ಕಳಸ್ರಿ, ಜಲ್ದಿ!"

ಎಂಟೂ ಐವತ್ತೇಳಕ್ಕೆ ಹೇಮಪ್ಪ ಪಟ್ಟಿಯ ಸಂದಿಯಿಂದ ಬಾಟಲಿಯನ್ನು ಎಳೆದು ನರ್ಸಿನ ಕೈಗಿಟ್ಟ. ಬದುಕಿನಲ್ಲಿ ಅವನು ಹೇಳಿದ ವೇಳೆಗೆ ಮುಟ್ಟಿಸಿದ ಮೊದಲ ಮಾಲು ಅದು. ಮಾಳವ್ವ ಒಳಗಿದ್ದಾಳೆಂದುಕೊಂಡು ಅವನು ಹೊರಗೆ ಬೆಂಚಿನ ಮೇಲೆ ಕೂತ. ಹತ್ತೂವರೆಗೆ ಡಾಕ್ಟರು ಹೊರಗೆ ಬಂದರು. "ಭೇಷ್! ಒಳ್ಳೇವು ಮ್ಯಾಲೆ ಈಸಿ ಬಂದಾವು, ಆರಿಸಿ ಇಟ್ಟೀನಿ. ನಿಮ್ಮ ಮನಿಯವರನ್ನ ಕರೀರಿ."

ಮನೆಯವರು ಎಲ್ಲೂ ಇರಲಿಲ್ಲ. ಆಯಾ ಹೇಳಿದಳು: "ಗಂಡಗ ಲಕ್ವಾ ಹೊಡೀತಂತ ಯಾರೋ ಹೇಳಿದ್ರು. ನೀವು ಬರೂಕಿಂತ ಮೊದಲ ಅಳಕೋತ ಓಡಿಹೋದ್ಲರಿ."

ಮಾಳವ್ವ ಯಮನೂರಸಾಬನ ಮನೆಗೆ ಓಡಿದ್ದಳು. ಮುದುಕ ಯಾರದೋ ಎಲುಬು ಕೂಡಿಸಲು ಹೋಗಿದ್ದ. ಕಟ್ಟೆಯ ಮೇಲಿದ್ದವರು "ದವಾಖಾನಿಗೆ ಕಳಿಸೇವಿ" ಎಂದರು. ಲಕ್ವಾ ಅಂದಮೇಲೆ ಸರಕಾರಿ ದೊಡ್ಡ ದವಾಖಾನೆಯೇ ಇರಬೇಕೆಂದು ಅವಳು ಅಲ್ಲಿಗೆ ಹೋಗಿ, ಮಂಚ ಮಂಚವನ್ನೂ ನೋಡಿದಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಗಾದೆಯನ್ನು ಗಂಡಹೆಂಡತಿ ಅಂದು ಇಬ್ಬರಲ್ಲಿ ಹಂಚಿಕೊಂಡಿದ್ದರು.

ಅವಳು ಏದುಸಿರು ಬಿಡುತ್ತ ನರ್ಸಿಂಗ್ ಹೋಮಿಗೆ ಮರಳಿದಾಗ ಹನ್ನೆರಡೂವರೆ. ಹುಬ್ಬಳ್ಳಿಯ ರೈಲು ಹೋಗಿತ್ತು. ಹೇಮಪ್ಪ ಮೆಟ್ಟಿಲ ಮೇಲೆ ಕೂತಿದ್ದ. ಅವಳು ಅವನ ಎಡಗೈ ಹಿಡಿದು ಅತ್ತಳು. ಅವನು ಪಟ್ಟಿ ಬಿಚ್ಚಿ ಕೈ ಮೇಲೆತ್ತಿ ತೋರಿಸಿದ.

"ನನಗೇನೂ ಆಗಿಲ್ಲ, ಮಾಳೂ. ಆರಿಸಿ ಇಟ್ಟಿದ್ರು. ಎಲ್ಲಾ ಹಾಳಾತು."

"ನೀವು ನೆಟ್ಟಗಿದ್ದೀರಲ್ಲ, ಸಾಕು" ಎಂದಳು ಮಾಳವ್ವ. ಆಮೇಲೆ ಶಿರಹಟ್ಟಿಯ ನೆನಪಾಗಿ ಅವಳ ಮುಖ ಬಾಡಿತು.

ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಫಕ್ಕೀರಪ್ಪ ಕಾಣಿಸಿಕೊಂಡು, ದೂರದಿಂದಲೇ ಕೂಗಿದ: "ಹೇಮಪ್ಪಾ, ಸಿಟ್ಟ ಆಗಬ್ಯಾಡಪಾ! ಪ್ಯಾಟ್ಯಾಗ ಶಿರಹಟ್ಟಿ ಹುಡುಗಿ ಅಪ್ಪ ಸಿಕ್ಕಿದ್ದ. ಮುಚ್ಚಿಟ್ಟು ಲಗ್ನ ಮಾಡಬಾರದು ನೋಡು, ಲಕ್ವಾದ ಸುದ್ದಿ ಹೇಳಿಬಿಟ್ಟೆ. ಕೈ ಬಿದ್ದಾವಗ ಹೆಣ್ಣು ಕೊಡೂದಿಲ್ಲಂತ ಹೋದ!"

ಹೇಮಪ್ಪ ಸಂತೋಷಕ್ಕೆ ಎರಡೂ ಕೈ ಎತ್ತುವವನಿದ್ದ. ಮಾಳವ್ವ ಗಬಕ್ಕನೆ ಎಡಗೈಯನ್ನು ಕೆಳಗೊತ್ತಿ ಪಟ್ಟಿ ಸುತ್ತತೊಡಗಿದಳು.

"ಎತ್ತಬ್ಯಾಡ್ರಿ" ಎಂದು ಪಿಸುಗುಟ್ಟಿದಳು.

"ಎಲ್ಲೀತನಕ?"

"ಡಾಕ್ಟರು ಮತ್ತ ಬರೂತನಕ."

ಮದುವೆಯ ಸುಗ್ಗಿ. ಅಂಗಡಿಯಲ್ಲಿ ಮೂವತ್ತೆರಡು ಕುಪ್ಪಸದ ಬಟ್ಟೆ ಕತ್ತರಿಸಿ ಬಿದ್ದಿತ್ತು. ಹೇಮಪ್ಪ ಬಾಯಿ ತೆರೆಯುವಷ್ಟರಲ್ಲಿ ಫಕ್ಕೀರಪ್ಪ ಬಂದು ಅವನ ಹೆಗಲು ಹಿಡಿದ.

"ನೀ ಏನೂ ಕಾಳಜಿ ಮಾಡಬ್ಯಾಡ ತಂಗೀ. ಯಮನೂರಸಾಬ ಕೈ ಬಿಟ್ಟರೇನಾತು? ನಾಳಿಂದ ದಿನಾ ಹೊತ್ತ ಹುಟ್ಟೂದ್ರಾಗ ನಾನ ನಿಮ್ಮ ಮನಿಗೆ ಬಂದು ಎರಡೆರಡ ತಾಸು ತಿಕ್ಕತೀನಿ. ಹದಿನೈದ ದಿನದಾಗ ಇವನ ಕೈ ಎತ್ತಸದಿದ್ರ ನನ್ನ ಹೆಸರು ಫಕ್ಕೀರಪ್ಪ ಅಲ್ಲ!"