ಹಿತ್ತಿಲ ಗೋಡೆಯ ಹವಾಮಾನ

ನನಗೆ ಸಿಟ್ಟು ಬೇಗ ಬರುತ್ತದೆ, ಒಪ್ಪುತ್ತೇನೆ. ಆದರೆ ಹವಾಮಾನದ ಬಗ್ಗೆ ಬಾಯಿಗೆ ಬಂದದ್ದು ಮಾತಾಡುವವರನ್ನು ಕಂಡರೆ ಯಾರಿಗೆ ಬರುವುದಿಲ್ಲ ಹೇಳಿ? ನಮ್ಮೂರು ವಾಡಿಯ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವ ಪ್ರತಿಯೊಬ್ಬರೂ ತಜ್ಞರೇ. ಒಂದು ದಿನ ತುಸು ಮೋಡ ಕವಿದರೆ ಸಾಕು, “ಮೊದಲಿನಂಗ ಇಲ್ರಿ ಸರ, ಹವಾನೇ ಬದಲಾಗ್ಯಾದ” ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಅಯ್ಯಾ, ಇವತ್ತಿನ ಬಿಸಿಲು, ನಾಳೆಯ ಮೋಡ ಹವಾಮಾನ. ಮೂವತ್ತು ವರ್ಷದ ಸರಾಸರಿ ತೆಗೆದರೆ ಅದು ವಾಯುಗುಣ. ಇಷ್ಟನ್ನು ಹೈಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಅರಚುತ್ತಿದ್ದೇನೆ. ಗಂಟಲು ಹೋಯಿತೇ ಹೊರತು ಊರು ಬದಲಾಗಲಿಲ್ಲ.

ಈ ವರ್ಷ ಮಾತು ಸಾಕು, ಪುರಾವೆ ಬೇಕು ಎಂದು ನಿರ್ಧರಿಸಿದೆ. ಶಿವರಾತ್ರಿ ಮುಗಿದು ಬಿಸಿಲು ಏರತೊಡಗಿತ್ತು. ಒಂಬತ್ತನೇ ತರಗತಿಯ ಮಕ್ಕಳಿಗೆಲ್ಲ ದಿನಾ ಸಂಜೆ ಎರಡು ಸಲ, ಐದೂವರೆಗೆ ಮತ್ತು ಆರೂಕಾಲಿಗೆ, ತಮ್ಮ ಮನೆಯ ಉಷ್ಣಾಂಶವನ್ನು ಒಂದು ನೋಟ್‌ಬುಕ್ಕಿನಲ್ಲಿ, ನಮ್ಮ ಕಡೆಯ ಮಾತಿನಲ್ಲಿ ವಹಿಯಲ್ಲಿ, ಬರೆದಿಡಲು ಹೇಳಿದೆ. ಒಳ್ಳೆಯ ವಹಿ ಚಿತ್ತಾಪುರದ ವಿಜ್ಞಾನ ಮೇಳಕ್ಕೆ ಹೋಗುತ್ತದೆ ಎಂದೆ. ಮೇಲ್ಪಂಕ್ತಿಯಾಗಿರಲೆಂದು ನಾನೂ ಹಿತ್ತಿಲ ಗೋಡೆಗೆ ಮೊಳೆ ಹೊಡೆದು ಥರ್ಮಾಮೀಟರ್ ತೂಗುಹಾಕಿ, ನನ್ನದೂ ಒಂದು ವಹಿ ತೆರೆದೆ. ನಮ್ಮ ಕಡೆ ನೆಲ, ಗೋಡೆ, ಮಾಳಿಗೆ ಎಲ್ಲವೂ ಫರಸಿ, ಅಂದರೆ ಸುಣ್ಣದ ಕಲ್ಲಿನ ಚಪ್ಪಡಿಯೇ. ಅಲ್ಲಿ ನನಗೊಂದು ಮಹಾ ಶೋಧ ಕಾದಿತ್ತು. ಐದೂವರೆಗೆ ನಲವತ್ತೆಂಟು ಡಿಗ್ರಿ. ಚಹಾ ಕುಡಿದು, ಪೇಪರ್ ಓದಿ ಬರುವಷ್ಟರಲ್ಲಿ ಮೂವತ್ಮೂರು! ದಿನಾ ಹೀಗೇ. ಸುಣ್ಣದ ಕಲ್ಲಿನ ನೆಲ ದಿಢೀರನೆ ಶಾಖ ಬಿಟ್ಟುಕೊಡುವುದರಿಂದ ವಾಡಿಯ ಸಂಜೆ ಹೀಗೆ ಧಡಕ್ಕನೆ ತಣ್ಣಗಾಗುತ್ತದೆ ಎಂದು ಸಿದ್ಧಾಂತ ಕಟ್ಟಿ, ಒಂದು ಪೂರ್ತಿ ಪೀರಿಯಡ್ ಪಾಠವನ್ನೂ ಮಾಡಿದೆ.

ಮಕ್ಕಳ ವಹಿಗಳೆಲ್ಲ ನನ್ನ ಅಂಕಿಗಳಿಗೆ ಸರಿಯಾಗಿ ತಾಳೆಯಾದವು. ನನ್ನ ಅಂಕಿಗಳನ್ನು ದಿನಾ ಕರಿಹಲಗೆಯ ಮೂಲೆಯಲ್ಲಿ ನಾನೇ ಬರೆಯುತ್ತಿದ್ದೆ ಎಂಬುದು ಆಗ ಹೊಳೆಯಲಿಲ್ಲ. ತಾಳೆಯಾಗದ್ದು ಒಂದೇ ವಹಿ, ರಾವೂರಿನಿಂದ ಬರುವ ಭಾಗ್ಯಶ್ರೀಯದು. ಅವಳ ಲೆಕ್ಕದಲ್ಲಿ ಮುಕ್ಕಾಲು ಗಂಟೆಗೆ ಒಂದು ಡಿಗ್ರಿ ಇಳಿದರೆ ಹೆಚ್ಚು. ನನ್ನ ಪಿತ್ತ ನೆತ್ತಿಗೇರಿತು.

“ಕೂತಲ್ಲೇ ಕೂತು ಬರೆದ ಅಂಕಿ ಇವು!” ಎಂದೆ.

“ಇಲ್ರಿ ಸರ, ನೋಡೇ ಬರ್ದೀನ್ರಿ. ಬೇಕಾದ್ರ ಮನಿಗಿ ಬಂದು ನೋಡ್ರಿ” ಎಂದಳು. ಕಣ್ಣು ತುಂಬಿತ್ತು. ನಾನು ಕೆಂಪು ಶಾಯಿಯಲ್ಲಿ ಪುಟಪುಟಕ್ಕೂ ಅಡ್ಡಗೀಟು ಎಳೆದು, ಮೇಳದ ಪಟ್ಟಿಯಿಂದ ಅವಳ ಹೆಸರು ಹೊಡೆದುಹಾಕಿದೆ. ಪಟ್ಟಿ ಸೋಮವಾರ ಹೋಗಬೇಕಿತ್ತು.

ಭಾನುವಾರ ಪೇಪರ್ ಬೇಗ ಮುಗಿಯಿತು. ಹಿತ್ತಿಲಿಗೆ ಹೋದರೆ ನನ್ನ ಹೆಂಡತಿ ಬಕೆಟ್ ಹಿಡಿದು ಗೋಡೆಗೆ ನೀರು ಎರಚುತ್ತಿದ್ದಾಳೆ!

“ಏನ್ ಮಾಡ್ಲಿಕತ್ತಿ?” ಎಂದು ಕೂಗಿದೆ.

“ಕಾಣಸ್ವಲ್ದೇನ್ರಿ? ಬಿಸಲು ಏರಿದಾಗಿಂದ ದಿನಾ ಹೊಡಿತೀನಿ. ಇಲ್ಲಂದ್ರ ಈ ಫರಸಿ ಗ್ವಾಡಿ ಬಾಜೂಕ ಯಾರ್ ಮಲಗ್ಬೇಕು?”

“ನನ್ನ ಥರ್ಮಾಮೀಟರ್?”

“ಅದಕ್ಕೂ ಎರಡ ಚೊಂಬು ಹಾಕ್ತೀನ್ರಿ. ಪಾಪ, ಅದೂ ಕಾದಿರ್ತದಲ್ಲ.”

ಕಾದ ಕಲ್ಲು ನೋಡನೋಡುತ್ತಲೇ ನೀರು ಕುಡಿದು ಒಣಗಿತು. ದಿನಾ ಆರೂಕಾಲಿಗೆ ನಾನು ಬರುವ ಹೊತ್ತಿಗೆ ನೀರಿನ ಸುಳಿವೇ ಉಳಿಯುತ್ತಿರಲಿಲ್ಲ. ನಾಚಿಕೆಯಿಂದ ಮೈ ಹಿಡಿಯಾಯಿತು. ಆಗಲೇ ಮೇಳದ ಪಟ್ಟಿಯನ್ನೂ ನನ್ನ ವಹಿಯನ್ನೂ ಚೀಲಕ್ಕೆ ಹಾಕಿಕೊಂಡು ಗಾಡಿ ಹತ್ತಿ ರಾವೂರಿಗೆ ಹೋದೆ. ಭಾಗ್ಯಶ್ರೀಯ ಅಂಗಳದಲ್ಲಿ, ಎದೆಮಟ್ಟದ ಕಟ್ಟಿಗೆಯ ಸ್ಟೂಲಿನ ಮೇಲೆ, ಸುಣ್ಣ ಬಳಿದ ಟೊಮೆಟೊ ಪೆಟ್ಟಿಗೆ. ಅದರ ಮರದ ಪಟ್ಟಿಗಳ ಸಂದಿಯಲ್ಲಿ ಗಾಳಿ ಆಡುತ್ತಿತ್ತು, ಒಳಗೆ ನೆರಳಲ್ಲಿ ಥರ್ಮಾಮೀಟರ್.

“ಇದನ್ನ ಯಾರು ಹೇಳಿಕೊಟ್ಟರವ್ವ?” ಎಂದು ಕೇಳಿದೆ.

“ನೀವೇ ಹೇಳಿದ್ರಲ್ರಿ ಸರ. ಬಿಸಲು, ಗ್ವಾಡಿ ತಾಗದಂಗ, ಗಾಳಿ ಆಡೋ ಜಾಗದಾಗ ಇಡ್ಬೇಕಂತ.”

“ತಪ್ಪು ನಂದವ್ವ” ಎಂದೆ. ಬಹಳ ವರ್ಷಗಳ ಮೇಲೆ ಈ ವಾಕ್ಯ ಬಳಸಿದ್ದು. ಅಲ್ಲಿಯೇ ಪಟ್ಟಿಯಲ್ಲಿ ಅವಳ ಹೆಸರು ಬರೆದೆ. ಅವಳು ನನ್ನ ವಹಿಯನ್ನೂ ಕೇಳಿದಳು, ಕೊಟ್ಟೆ.

ಮೇಳದಲ್ಲಿ ಎರಡೂ ವಹಿ ಅಕ್ಕಪಕ್ಕ ಇದ್ದವು. ಅವಳದರ ಮೇಲೆ ‘ಸರಿಯಾದ ಕ್ರಮ’, ನನ್ನದರ ಮೇಲೆ ‘ತಪ್ಪು ಕ್ರಮ’. ನನ್ನ ಹೆಸರಿನ ಮೇಲೆ ಮರ್ಯಾದೆಗೆ ಬಿಳಿ ಕಾಗದ ಅಂಟಿಸಿದ್ದಳು. ಜನ ಮುಗಿಬಿದ್ದದ್ದು ನನ್ನದರ ಮುಂದೆಯೇ. ಬಹುಮಾನ ಕೊಡಲು ಬಂದ ಹಿರಿಯರು ನಕ್ಕು, “ಇದನ್ನ ಬರೆದವರು ಯಾರವ್ವ?” ಎಂದರು.

“ನಮ್ಮ ಕ್ಲಾಸಿನವ್ರೇ ಒಬ್ರು ಬರ್ದಾರ್ರಿ” ಎಂದಳು ಭಾಗ್ಯಶ್ರೀ, ನನ್ನ ಕಡೆ ನೋಡದೆ.

ಹಿರಿಯರು ನನ್ನತ್ತ ತಿರುಗಿ, “ಆ ಹುಡುಗನ ಕಡೆ ಸ್ವಲ್ಪ ಲಕ್ಷ್ಯ ಕೊಡ್ರಿ ಮಾಸ್ತರ” ಎಂದರು.

“ಏನ್ ಮಾಡ್ಲಿ ಹೇಳ್ರಿ, ಭಾಳ ಹಟಮಾರಿ ಇದ್ದಾನ” ಎಂದು ನಾನೂ ಸಿಟ್ಟಿನಿಂದಲೇ ಹೇಳಿದೆ. “ಹತ್ತೊಂಬತ್ತು ವರ್ಷದಿಂದ ಹೇಳ್ಲಿಕತ್ತೀನಿ, ತಲೀಗೇ ಹೋಗವಲ್ದು!”