ಖಂಡೆ ಪೂಜೆಯ ದಿನ ಪರದೆ ಬಾಯಿಬಿಟ್ಟಿತು

"ಖಂಡೆ ಪೂಜಿ ಬರೂದ್ರೊಳಗ ನನ್ನ ಪರದಿಗೂ ಬಣ್ಣ ತರಲಿಲ್ಲಂದ್ರ ನನ್ನ ಹೆಸರು ಪಾಂಡುರಂಗನ ಅಲ್ಲ!"

ಈ ಘೋರ ಪ್ರತಿಜ್ಞೆಯನ್ನು ನಾನು ಮಾಡಿದ್ದು ಜೇವರ್ಗಿಯ ನಮ್ಮ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ, ಬಾಯಿತುಂಬ ರೊಟ್ಟಿ ಇಟ್ಟುಕೊಂಡು. ಪ್ರತಿಜ್ಞೆ ಮಾಡುವವರು ಬಾಯಿ ಖಾಲಿ ಇಟ್ಟುಕೊಳ್ಳಬೇಕು. ನನ್ನದು ಅರ್ಧಕ್ಕರ್ಧ ಪುಂಡಿಪಲ್ಯದಲ್ಲೇ ಉಳಿಯಿತು.

"ಮೊದಲ ನುಂಗ್ರಿ. ಹೆಸರು ಆಮ್ಯಾಲ ಬದಲಸಕೋರಿ" ಎಂದಳು ಹೆಂಡತಿ ಉಮಾಬಾಯಿ.

ನನ್ನ ಸಂಕಟ ಅವಳಿಗೇನು ಗೊತ್ತು! ತೊಂಬತ್ತೈದರ ಸುಮಾರಿಗೆ ನಮ್ಮ ತೊಗರಿ ಮಾರಾಟ ಸಂಘದ ಆಫೀಸಿಗೆ ಕಂಪ್ಯೂಟರ್ ಬಂತು. ನಡುಕೋಣೆಯಲ್ಲಿ ಒಂದೇ ಒಂದು ದೊಡ್ಡ ಮಷೀನು. ಅದರಿಂದ ಎರಡು ವೈರು ಎಳೆದು ಎರಡು ಟೇಬಲ್ಲಿಗೆ ಎರಡು ಪರದೆ, ಎರಡು ಕೀಬೋರ್ಡು. ಒಂದು ನನಗೆ, ಇನ್ನೊಂದು ನನ್ನ ಸಹೋದ್ಯೋಗಿ ವ್ಯಂಕಟೇಶನಿಗೆ. ಇಲ್ಲಿಯವರೆಗೆ ಎಲ್ಲ ಸಮಪಾಲು. ಆದರೆ ಡಬ್ಬಿ ಒಡೆದು ಚಾಲೂ ಮಾಡಿ ನೋಡಿದರೆ ಅವನ ಪರದೆಯಲ್ಲಿ ಕೆಂಪು, ನೀಲಿ, ಹಳದಿ! ನನ್ನದರಲ್ಲಿ ಬರೀ ಹಸಿರು. ಅದೂ ಎಂಥ ಹಸಿರು? ಕೆರೆಯ ಪಾಚಿಯ ಹಸಿರು!

ನನ್ನ ಹೊಟ್ಟೆಯೊಳಗೆ ಬೆಂಕಿ ಬಿತ್ತು. ಸುಳ್ಳೇಕೆ ಹೇಳಲಿ, ಬಿದ್ದ ಬೆಂಕಿಗೆ ನಾನೇ ದಿನಾ ಸೌದೆ ಒಟ್ಟಿದೆ. ಅವನು ಚಹಾ ಕುಡಿಯಲು ಎದ್ದರೆ ನಾನು ಹೋಗಿ ಅವನ ಪರದೆ ನೋಡಿ ಉರಿದುಕೊಂಡು ಬರುತ್ತಿದ್ದೆ. ಮನೆಯಲ್ಲಾದರೂ ನೆಮ್ಮದಿ ಉಂಟೇ? ವ್ಯಂಕಟೇಶನ ಹೆಂಡತಿ ಶಾರದಾಬಾಯಿ ನಮ್ಮ ಓಣಿಯವಳೇ. "ನಮ್ಮ ಮನಿಯವರ ಪರದಿ ಮುಂದ ಟೀವಿ ಏನೂ ಅಲ್ಲಂತ್ರಿ" ಎಂದು ಅವಳು ನಳದ ಹತ್ತಿರ ಹೇಳಿದ್ದನ್ನು ಉಮಾ ಕೊಡದ ಜೊತೆಗೆ ಹೊತ್ತು ತಂದು ನನ್ನ ಮುಂದೆ ಇಳಿಸುತ್ತಿದ್ದಳು.

ಇದರ ಮೇಲೆ ಇನ್ನೊಂದು ಸುದ್ದಿ ಬಂತು. ಯಡ್ರಾಮಿಯಲ್ಲಿ ಸಂಘದ ಹೊಸ ಶಾಖೆ ತೆರೆಯುತ್ತದೆ, ನಮ್ಮಿಬ್ಬರಲ್ಲಿ ಒಬ್ಬ ಅಲ್ಲಿಗೆ ಹೋಗಬೇಕು, ಉಳಿದವನು ಜೇವರ್ಗಿಯಲ್ಲಿ ಕಂಪ್ಯೂಟರ್ ಉಸ್ತುವಾರಿ. ಕಲಬುರ್ಗಿಯಿಂದ ನಮ್ಮ ಮೇಲಧಿಕಾರಿ ಬಸವಂತರಾಯ ಸಾಹೇಬರು ಆಯುಧಪೂಜೆಗೆ, ಅಂದರೆ ನಮ್ಮ ಕಡೆಯ ಖಂಡೆ ಪೂಜೆಗೆ, ಬಂದಾಗಲೇ ತೀರ್ಮಾನ.

"ಯಡ್ರಾಮಿಗೆ ನಾ ಬರೂದಿಲ್ಲ ನೋಡ್ರಿ" ಎಂದು ಉಮಾ ಖಡಾಖಂಡಿತ ಹೇಳಿದಳು. "ಬರೋಬ್ಬರಿ ನೀರು ಬರೂ ಓಣಿ ಈಗರ ಸಿಕ್ಕದ. ನೀವು ಉಸ್ತುವಾರಿ ಆಗ್ರಿ, ಇಲ್ಲಾ ಒಬ್ಬರ ಹೋಗ್ರಿ!"

"ನೀ ಯಾಕ ಫಿಕರ್ ಮಾಡ್ತಿ? ಸಾಹೇಬ್ರು ನನ್ನ ಕರಾಮತ್ತು ನೋಡಿದ್ರ ವ್ಯಂಕಟೇಶ ಮರುದಿನಾನ ಯಡ್ರಾಮಿ ಬಸ್ ಹತ್ತತಾನ!"

ಕರಾಮತ್ತು ಶುರುವಾಯಿತು. ಪ್ರತಿ ಪರದೆಯೂ ತಾನು ಯಾವ ಮಾದರಿಯದು ಎಂದು ನಡುಕೋಣೆಯ ಮಷೀನಿಗೆ ಹೇಳಬೇಕು ಎಂಬುದನ್ನು ಹೈದರಾಬಾದಿನ ಇಂಜಿನಿಯರ್ ತೋರಿಸಿಕೊಟ್ಟು ಹೋಗಿದ್ದ. ನಾನು ನನ್ನ ಹಸಿರು ಪರದೆಯ ಬಾಯಿಂದ "ನಾನು ಬಣ್ಣದವನು" ಎಂದು ಸುಳ್ಳು ಹೇಳಿಸಿದೆ. ಮಷೀನು ಪಾಪ ನಂಬಿತು! ಕೆಂಪಿನದು, ನೀಲಿಯದು ಎಲ್ಲ ಗುಪ್ತ ಸಂದೇಶ ಕಳಿಸಿತು. ನನ್ನ ಪರದೆಗೆ ಅದು ಅರ್ಥವಾಗಬೇಕಲ್ಲ? ಬಂದ ಬಂದ ಸಂದೇಶವನ್ನೆಲ್ಲ ಕಂಸ, ಅಂಕಿ, ಅಕ್ಷರ ಮಾಡಿ ಪರದೆ ತುಂಬ ಕಾರಿತು. ಹುಲಿಯನ್ನು ನೋಡಿ ನರಿ ಮೈ ಸುಟ್ಟುಕೊಂಡ ಹಾಗಾಯಿತು. ಕೀಬೋರ್ಡೂ ಕೆಟ್ಟಿತು. ಅಳಿಸುವ ಗುಂಡಿ ಒತ್ತಿದರೆ ಅಕ್ಷರ ಅಳಿಯುವ ಬದಲು ಟೋಪಿಯಂಥ ಒಂದು ಗುರುತು (^), ಪಕ್ಕದಲ್ಲಿ ಒಂದು ಇಂಗ್ಲಿಷ್ ಎಚ್ ಮೂಡತೊಡಗಿದವು. ಹತ್ತು ಸಲ ಒತ್ತಿದರೆ ಹತ್ತು ಟೋಪಿ!

ನಾನು ಎದೆಗುಂದುವ ಗಂಡಸೇ? ಇಂಜಿನಿಯರ್ ಇನ್ನೂ ಒಂದು ಮಾಯಾಮಂತ್ರ ಹೇಳಿದ್ದ. ಆ ಮಷೀನಿನೊಳಗೆ ಪ್ರತಿಯೊಬ್ಬರ ಕೆಲಸಕ್ಕೂ ಬೇರೆ ಬೇರೆ ಕೋಣೆಗಳಿರುತ್ತವಂತೆ. ಮಂತ್ರ ಹೊಡೆದರೆ ನನ್ನ ಟೇಬಲ್ಲಿನಿಂದಲೇ ವ್ಯಂಕಟೇಶನ ಕೋಣೆಗೆ ಕಾಲಿಡಬಹುದು. ನನ್ನ ಲೆಕ್ಕಾಚಾರ ಸರಳ: ಅವನ ಕೋಣೆಗೆ ನುಗ್ಗುವುದು, ಬಣ್ಣ ಎತ್ತಿಕೊಂಡು ಬರುವುದು. ಒಂದು ಕೋಣೆಯಲ್ಲಿ ಇಬ್ಬರು ಇದ್ದರೆ ಒಬ್ಬ ಬರೆದದ್ದು ಇನ್ನೊಬ್ಬನಿಗೂ ಕಾಣುತ್ತದೆ ಎಂದು ಇಂಜಿನಿಯರ್ ಹೇಳುವಾಗ ನಾನು ವ್ಯಂಕಟೇಶನ ಪರದೆಯ ಹಳದಿ ನೋಡುತ್ತ ಉರಿಯುತ್ತಿದ್ದೆ. ಆ ಮಾತು ಕಿವಿಗೆ ಬೀಳಲೇ ಇಲ್ಲ.

ಖಂಡೆ ಪೂಜೆ ಬಂತು. ಕುಟುಂಬಸಮೇತ ಎಲ್ಲರೂ ಆಫೀಸಿಗೆ. ತಕ್ಕಡಿ, ತೂಕದ ಕಲ್ಲು, ಟೈಪ್‌ರೈಟರ್ ಎಲ್ಲಕ್ಕೂ ಅರಿಷಿಣ ಕುಂಕುಮ. ಕಂಪ್ಯೂಟರಿನ ಸರದಿ ಬಂದಾಗ ಎಲ್ಲರೂ ಹೋಗಿ ನಿಂತದ್ದು ಎಲ್ಲಿ? ವ್ಯಂಕಟೇಶನ ಬಣ್ಣದ ಪರದೆಯ ಮುಂದೆ! ಚೆಂಡು ಹೂವಿನ ಹಾರವೂ ಅದಕ್ಕೇ. "ಪರದಿ ಆರಸಬ್ಯಾಡ್ರಿ, ಕಣ್ಣು ಮುಚ್ಚಿದ ದೇವರಿಗೆ ಯಾರರ ಆರತಿ ಮಾಡ್ತಾರೇನು?" ಎಂದು ಶಾರದಾಬಾಯಿ ಅದನ್ನು ಹಾಗೇ ಬೆಳಗಲು ಬಿಟ್ಟಳು. ನನ್ನ ಹಸಿರು ಬಡವನಿಗೆ ಒಂದು ಎಸಳು ಹೂವೂ ಇಲ್ಲ.

ನಾನು ಮೆಲ್ಲಗೆ ಅಡ್ಡಗೋಡೆಯ ಆಚೆ ನನ್ನ ಟೇಬಲ್ಲಿಗೆ ಜಾರಿದೆ. ಉಮಾ ಬೆನ್ನ ಹಿಂದೆಯೇ ಬಂದಳು.

"ಏನ್ ಮಾಡಾಕತ್ತೀರಿ? ಪೂಜಿ ದಿನ ಹತ್ಯಾರ ಮುಟ್ಟಬಾರದ್ರಿ!"

"ಹೂ ಏರಿಸಿದ್ದಕ್ಕ ಹತ್ಯಾರ ಅಂತಾರ. ನಂದಕ್ಕ ಯಾರ ಏರಿಸ್ಯಾರ? ನೀ ಹೋಗು, ಆರತಿ ಮುಗಿಯೂದ್ರೊಳಗ ಸಾಹೇಬ್ರನ್ನ ಇಲ್ಲಿ ಕರಕೊಂಡು ಬಾ. ಬಣ್ಣ ತೋರಸ್ತೇನಿ!"

ಅವಳು ಹಣೆ ಗಟ್ಟಿಸಿಕೊಂಡು ಹೋದಳು. ನಾನು ಮಂತ್ರ ಹೊಡೆದೆ. ಪರದೆ ಒಮ್ಮೆ ಮಿಟುಕಿ ಖಾಲಿಯಾಯಿತು. ಬಣ್ಣ ಮಾತ್ರ ಇಲ್ಲ. ಏನಾದರೂ ಬರೆದರೆ ಬಣ್ಣ ಹತ್ತೀತೆಂದು ನನ್ನ ಹೊಟ್ಟೆಯೊಳಗಿದ್ದ ಹೆಸರನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದೆ: ವ್ಯಂಕಟೇಶ.

ಗೋಡೆಯಾಚೆ ಶಾರದಾಬಾಯಿಯ ಚೀತ್ಕಾರ! "ಯವ್ವಾ! ಯಾರೂ ಕೈ ಹಚ್ಚಿಲ್ಲ, ಅಕ್ಷರ ಮೂಡಾಕತ್ತಾವ! ತಾಯಿ ಬಂದಾಳ್ರೀ, ತಾಯಿ!"

ಆರತಿಯ ಗಂಟೆ ಜೋರಾಯಿತು. ಸಾಹೇಬರ ದನಿ ಕೇಳಿಸಿತು: "ಎಲ್ಲಾರೂ ಸುಮ್ಮಿರ್ರಿ! ತಾಯಿ ಏನ್ ಅಂತಾಳ, ಓದ್ರಿ."

"ವ್ಯಂಕಟೇಶ... ಅಂತ ನನ್ನ ಹೆಸರು ಬಂದದರೀ ಸಾಹೇಬ್ರ" ಎಂದ ವ್ಯಂಕಟೇಶ, ಗದ್ಗದಿತನಾಗಿ.

"ತಾಯೇ ಹೆಸರು ಹಿಡದು ಕರದಾಳ! ಪುಣ್ಯವಂತ ಇದ್ದಿ ಬಿಡು!"

ಆಗಲಾದರೂ ನನ್ನ ತಲೆಗೆ ಹೊಳೆಯಬೇಕಿತ್ತೋ ಇಲ್ಲವೋ? ಹೊಟ್ಟೆ ಉರಿಯುವಾಗ ತಲೆ ಓಡುವುದಿಲ್ಲ. ಬಣ್ಣದ ಪರದೆ ಅವನಿಗೆ, ಹೂವಿನ ಹಾರ ಅವನಿಗೆ, ಈಗ ದೇವಿಗೂ ಅವನೇ ಬೇಕಾದನೇ! ಅವಳಿಗೆ ನನ್ನ ಹೆಸರು ಗೊತ್ತಿಲ್ಲವೇ? ಸಿಟ್ಟಿನಿಂದ ಅವನ ಹೆಸರಿನ ಮುಂದೆ ಗುದ್ದಿ ಗುದ್ದಿ ಬರೆದೆ: ಮಂಗ್ಯಾ. ಅದಕ್ಕೂ ಸಮಾಧಾನವಾಗದೆ ಇನ್ನೊಂದು ಸಾಲು ಬರೆದೆ: ಬಣ್ಣದ ಪರದಿ ನನಗ ಬೇಕು.

ಗಂಟೆ ನಿಂತಿತು.

"ಮುಂದೇನ್ ಬಂತು? ಓದಪಾ" ಎಂದರು ಸಾಹೇಬರು.

"ಮಂಗ್ಯಾ... ಅಂತ ಬಂದದರೀ" ಎಂದ ವ್ಯಂಕಟೇಶ. ಈ ಸಲ ಗದ್ಗದ ಇರಲಿಲ್ಲ.

ಈಗ ಹೊಳೆಯಿತು: ನಾನು ಬರೆದದ್ದು ಅಲ್ಲಿ ಮೂಡುತ್ತಿದೆ! ಅದೂ ಬಣ್ಣ ಬಣ್ಣವಾಗಿ! ಅಳಿಸುವ ಗುಂಡಿಯ ಮೇಲೆ ಬಿದ್ದೆ. ಅಳಿಯಿತೇ? ಟೋಪಿ, ಎಚ್, ಟೋಪಿ, ಎಚ್, ಟೋಪಿ...

"ಇದೇನ್ರಿ, ತಾಯಿ ಸಾಲು ಹಿಡದು ಟೋಪಿ ಹಾಕಾಕತ್ತಾಳ?" ಎಂದರು ಸಾಹೇಬರು. "ಬಣ್ಣದ ಪರದಿ ಬೇಕು ಅಂತಾನೂ ಅದ. ತಾಯಿಗ್ಯಾಕ ಬೇಕು ಪರದಿ?"

ಆಗ ನನ್ನ ಧರ್ಮಪತ್ನಿಯ ಸ್ಪಷ್ಟ, ನಿರ್ದಯ ಕಂಠ ಕೇಳಿಸಿತು. "ತಾಯಿ ಅಲ್ರೀ ಸಾಹೇಬ್ರ, ನಮ್ಮ ಮನಿಯವರು. ದಸರಾ ತಿಂಗಳು ಹಿಡದಾಗಿಂದ ನಿದ್ದಿಗಣ್ಣಾಗೂ ಇದನ್ನ ಬಡಬಡಸಾಕತ್ತಾರ."

ಎಲ್ಲರೂ ಗೋಡೆಯ ಈಚೆ ಬಂದರು. ನಾನು ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಸಿಕ್ಕಿಬಿದ್ದೆ. ವ್ಯಂಕಟೇಶ ನನ್ನ ಹೆಗಲ ಮೇಲೆ ಕೈ ಹಾಕಿ, "ಪಾಂಡು, ಮಂಗ್ಯಾ ಅಂತ ಬಾಯಿಲೆ ಅಂದಿದ್ರ ಸಾಕಾಗ್ತಿತ್ತಲ್ಲೋ, ಇಷ್ಟ ದೊಡ್ಡ ಮಷೀನ್ ಯಾಕ ದುಡಿಸಿದಿ?" ಎಂದು ನಕ್ಕ. ಅವನು ಸಿಟ್ಟಾಗಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ದೊಡ್ಡ ಮನಸ್ಸೂ ಅವನಿಗೇ ಇರಬೇಕೇ!

ಸಾಹೇಬರು ಮಾತ್ರ ನಗಲಿಲ್ಲ. ಹಣೆಯ ಕುಂಕುಮ ಸರಿಮಾಡಿಕೊಂಡು ನನ್ನನ್ನೇ ಪ್ರೀತಿಯಿಂದ ನೋಡಿದರು.

"ಪಾಂಡುರಂಗ, ಖರೇನ ನಿನಗ ಬಣ್ಣದ ಪರದಿ ಅಷ್ಟು ಬೇಕೇನು?"

"ಹೌದ್ರಿ ಸಾಹೇಬ್ರ" ಎಂದೆ. ಇಜ್ಜತ್ತು ಹೋದ ಮೇಲೆ ಮುಚ್ಚುಮರೆ ಏನು?

"ಬಾಳ ಛಲೋ ಆತು. ಆ ಪರದಿ ಯಡ್ರಾಮಿ ಶಾಖೆಗೆ ಕಳಸೂದಂತ ಮೊದಲ ಠರಾವ್ ಆಗ್ಯದ. ಅದರ ಸಂಗಾಟ ಯಾರನ್ನ ಕಳಸೂದಂತ ಚಿಂತಿ ಇತ್ತು. ತಾಯಿ ನಿನ್ನ ಕೈಲೆ ಬರಸಿಬಿಟ್ಟಳು!"

ವಿಜಯದಶಮಿಯ ಬನ್ನಿ ಹಂಚಿದ ವಾರದಲ್ಲೇ ನಾವು ಯಡ್ರಾಮಿ ಬಸ್ಸಿನಲ್ಲಿದ್ದೆವು. ಒಬ್ಬನೇ ಹೋಗು ಎಂದವಳು ಕೊನೆಗೆ ಬಂದಳು. ಪರದೆ ಕುಲುಕದಿರಲೆಂದು ತನ್ನ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ದಾರಿಯುದ್ದಕ್ಕೂ ನನ್ನ ಜೊತೆ ಒಂದು ಮಾತೂ ಆಡಲಿಲ್ಲ.

ಹೊಸ ಶಾಖೆಯಲ್ಲಿ ಪರದೆಯನ್ನು ಟೇಬಲ್ಲಿನ ಮೇಲೆ ಪ್ರತಿಷ್ಠಾಪಿಸಿದೆ. ಅಲ್ಲಿಗೆ ಬಂದಿದ್ದ ಹೊಸ ಮಷೀನಿಗೆ ವೈರು ಜೋಡಿಸಿದೆ. "ಬಾ, ಇಲ್ಲಿ ನೋಡು! ಕೆಂಪು, ನೀಲಿ, ಹಳದಿ, ಎಲ್ಲಾ ಈಗ ನಮ್ಮವ!" ಎಂದು ಎದೆಯುಬ್ಬಿಸಿ ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ತಲೆಯೆತ್ತಿ ನೋಡಿದರೆ ಫ್ಯಾನೂ ನಿಂತಿತ್ತು. ಮುಂಜಾನೆ ಹೋದ ಕರೆಂಟು ಸಂಜೆತನಕ ಬರುವ ಲಕ್ಷಣ ಇಲ್ಲವೆಂದು ಪಕ್ಕದ ಅಂಗಡಿಯವ ಕೂಗಿ ಹೇಳಿದ.

ಉಮಾ ಖಾಲಿ ಕೊಡ ಸೊಂಟಕ್ಕೆ ಏರಿಸಿಕೊಂಡಳು. ನೀರಿನ ಬಾವಿ ಎಲ್ಲಿದೆಯೆಂದು ಆ ಅಂಗಡಿಯವನನ್ನು ಕೇಳಿಕೊಂಡಳು. ಆಮೇಲೆ ಬಾಗಿಲಲ್ಲಿ ನಿಂತು ನನ್ನ ಪರದೆಯನ್ನು ಒಮ್ಮೆ ದಿಟ್ಟಿಸಿ ನೋಡಿ, ಆ ದಿನ ನನ್ನ ಜೊತೆ ಮೊದಲ ಮಾತು ಆಡಿದಳು:

"ಅಲ್ರೀ, ಕರೆಂಟ್ ಇಲ್ದಾಗ ಇದು ಯಾವ ಬಣ್ಣರೀ?"