ಕತ್ತಲ ಕಪಾಟಿನ ಕುಳ್ಳ ಸಸಿಗಳು

ಕತ್ತಲ ಕಪಾಟಿನೊಳಗೆ ನೂಲಿನಂತೆ ಉದ್ದಕ್ಕೆ ಏಳಬೇಕಾಗಿದ್ದ ಸಸಿಗಳು ಕುಳ್ಳಗೆ, ದಪ್ಪಗೆ, ತಲೆ ಬಗ್ಗಿಸಿ ನಿಂತಿದ್ದವು. ಲ್ಯಾಬಿನವರೆಲ್ಲ ಮೊಳಕೆರಾಯ ಎಂದು ಕರೆಯುವ ಸಂಶೋಧಕ ಹಣೆ ಚಚ್ಚಿಕೊಂಡ. ಹೀಗಾಗುತ್ತಿರುವುದು ಇದು ಮೂರನೆಯ ಸಲ. ಸಂಜೆ ನಾಲ್ಕಕ್ಕೆ ನಿರ್ದೇಶಕಿಯ ಮುಂದೆ ಕಾರಣ ಹೇಳದಿದ್ದರೆ ಐದು ವರ್ಷದ ಪಿಎಚ್‌ಡಿಗೆ ಎಳ್ಳುನೀರು.

"ನೀರು ಜಾಸ್ತಿ ಹಾಕಿದ್ದೀಯ ಕಣಪ್ಪ," ಎಂದ ಸ್ಟೋರ್‌ಕೀಪರ್.

"ಸಾಕಿದವರ ಹಾಗೇ ಬೆಳೆದಿವೆ ಬಿಡಿ," ಎಂದು ಟೈಪಿಸ್ಟ್ ಅಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. ಅಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಇದು ಎತಿಲೀನ್ ತಗುಲಿದ ಲಕ್ಷಣ ಅಕ್ಕಾ. ಗಿಡಗಳ ಹಾರ್ಮೋನು, ಗಾಳಿಯಲ್ಲೇ ಬರುತ್ತೆ. 'ಕುಳ್ಳಗಾಗು' ಅಂತ ಅಪ್ಪಣೆ ಕೊಡೋ ಪ್ರೋಟೀನ್ ಒಂದಿದೆ. ಸಸಿ ಅದನ್ನ ಮಾಡ್ತಾನೇ ಇರುತ್ತೆ, ಮಾಡಿದ್ದನ್ನ ಆಗಲೇ ಚೂರು ಮಾಡ್ತಾನೂ ಇರುತ್ತೆ. ಎತಿಲೀನ್ ಬಂತೋ, ಚೂರು ಮಾಡೋದು ನಿಲ್ಲುತ್ತೆ. ಆಮೇಲೆ ಅಪ್ಪಣೆಯದೇ ದರ್ಬಾರು."

"ಚೂರು ಮಾಡೋದಕ್ಕೆ ಅಂತ ಯಾಕೆ ಮಾಡ್ಬೇಕು?"

"ಬೇಕಾದ ಗಳಿಗೇಲಿ ರೆಡಿ ಇರ್ಲಿ ಅಂತ."

"ಓ, ನಾನು ಟೈಪ್ ಮಾಡಿದ್ದನ್ನ ಸಾಹೇಬ್ರು ದಿನಾ ಹರಿದು ಹಾಕ್ತಾರಲ್ಲ, ಹಾಗೆ," ಎಂದಳು ಅಕ್ಕ. ಐದು ವರ್ಷದಲ್ಲಿ ಅವನ ವಿಷಯ ಅರ್ಥವಾದ ಮೊದಲ ಮನುಷ್ಯಳು ಅವಳೇ.

ಆದರೆ ಎತಿಲೀನ್ ಬಂದದ್ದೆಲ್ಲಿಂದ? ಗ್ಯಾಸ್ ಪೈಪು ಸೋರುತ್ತಿದೆಯೇನೋ ಎಂದು ಮೊಳಕೆರಾಯ ಮೇಜಿನಡಿ ತೆವಳಿದ. ಸೋಪಿನ ನೀರು ಸವರಿ ನೋಡೋಣವೆಂದು ಸಹಾಯಕ್ಕೆ ಬಂದ ಸ್ಟೋರ್‌ಕೀಪರ್ ಬಕೆಟ್ಟನ್ನೇ ಅವನ ಮೇಲೆ ಕವುಚಿದ. ಜಾರಿದ ಮೊಳಕೆರಾಯ ಕಪಾಟಿಗೆ ಢಿಕ್ಕಿ ಹೊಡೆದ. ಹಿಂಬದಿಯ ಹಲಗೆ ಕಳಚಿ ಬಿತ್ತು. ಒಳಗೆ ಚುಕ್ಕೆ ಬಿದ್ದು ಘಮಘಮಿಸುವ ಒಂದು ಚಿಪ್ಪು ಬಾಳೆಹಣ್ಣು!

"ಹಣ್ಣಾಗೋ ಬಾಳೆ ಎತಿಲೀನ್ ಬಿಡುತ್ತೆ! ಸಿಕ್ಕಿತು!" ಎಂದು ಅವನು ಚಿಪ್ಪಿಗೆ ಮುತ್ತಿಟ್ಟ.

ನಾಲ್ಕಕ್ಕೆ, ತೊಟ್ಟಿಕ್ಕುವ ಪ್ಯಾಂಟಿನಲ್ಲೇ, ಹಣ್ಣು ಹಿಡಿದು ಒಳಹೊಕ್ಕ. ಮೇಜಿನಾಚೆ ನಿರ್ದೇಶಕಿ, ಈಚೆ ಅವನ ಗೈಡು, ಅಂದರೆ ನಿರ್ದೇಶಕಿಯ ಗಂಡ. ಮೊಳಕೆರಾಯ ಗೈಡಿನ ಪಕ್ಕ ಕೂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ.

"ಭೇಷ್. ಹಣ್ಣು ಇಟ್ಟವರು ಯಾರು?" ಎಂದರು ನಿರ್ದೇಶಕಿ.

ಗೊತ್ತಿಲ್ಲವೆನ್ನುವಷ್ಟರಲ್ಲಿ ಮೇಜಿನಡಿ ಗೈಡಿನ ಬೂಟು ಅವನ ಕಾಲನ್ನು ಒತ್ತಿತು.

"ಇವರಿಗೆ ಸಕ್ಕರೆ ಕಾಯಿಲೆ. ಮನೇಲಿ ಒಂದು ಹಣ್ಣೂ ಇಡದೆ ಕಾಯ್ತಿದ್ದೀನಿ. ಇಲ್ಲಿಗೆ ತರ್ತಿರೋರು ಯಾರು ಅಂತ ನಂಗೂ ತಿಳೀಬೇಕು," ಎಂದು ಗಂಡನತ್ತ ಕೈ ತೋರಿಸಿದರು.

ಬೂಟು ಇನ್ನಷ್ಟು ಒತ್ತಿತು. ಗೈಡಿನ ಹಣೆಯಲ್ಲಿ ಬೆವರು. ಮೊಳಕೆರಾಯನಿಗೆ ಪಾಪವೆನಿಸಿತು, ಭಯವೂ ಆಯಿತು.

"ನಂದೇ ಮೇಡಂ."

"ತನ್ನ ಪ್ರಯೋಗಾನ ತಾನೇ ಹಾಳು ಮಾಡ್ಕೊಳ್ಳೋನಿಗೆ ಪಿಎಚ್‌ಡಿ ಯಾಕೆ?"

"ಹೋಗ್ಲಿ ಬಿಡು," ಎಂದು ಗೈಡು ಗಂಟಲು ಸರಿಮಾಡಿಕೊಂಡರು. "ಇನ್ನೊಂದು ವರ್ಷ ಕೊಡೋಣ. ಮೊದಲಿಂದ ಶುರು ಮಾಡ್ಲಿ."

ನಿರ್ದೇಶಕಿ ಸಹಿ ಹಾಕಿದರು. ಮೊಳಕೆರಾಯನಿಗೆ ಹೋದ ಜೀವ ಬಂದಂತಾಯಿತು.

"ಆದ್ರೆ ಇಂಥವರನ್ನ ನಂಬೋ ಹಾಗಿಲ್ಲ," ಎಂದು ಗೈಡು ಕೈ ಚಾಚಿದರು. "ಇನ್ನು ಮೇಲೆ ಆ ಕಪಾಟಿನ ಕೀಲಿ ನನ್ನ ಹತ್ರಾನೇ ಇರುತ್ತೆ."